ಎಂಬಿಎ ಅರ್ಜಿಗೆ ಕನ್ಸಲ್ಟೆಂಟ್ ಬೇಕಾ? ಮೊದಲ ಡ್ರಾಫ್ಟ್ ಕನ್ನಡದಲ್ಲಿ ಬರೆದು ನೋಡಿ

ಪ್ರಶ್ನೆ: ಮೇಡಂ, ನಾನು ಚನ್ನಗಿರಿ ಹತ್ತಿರದ ಹಳ್ಳಿಯವಳು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿದೆ. ಬೆಂಗಳೂರಿನ ಐಟಿ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿ ಐದು ವರ್ಷ ಆಯಿತು. ಎಂಬಿಎ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನಲ್ಲಿ 655 ಬಂದಿದೆ. ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್ (ಐಎಸ್‌ಬಿ), ಐಐಎಂ ಬೆಂಗಳೂರಿನ ಒಂದು ವರ್ಷದ ಎಂಬಿಎ ಆದ ಇಪಿಜಿಪಿ, ಫ್ರಾನ್ಸ್‌ನ ಇನ್ಸಿಯಾಡ್ ಮತ್ತು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲ್ ಫುಕ್ವಾ, ಈ ನಾಲ್ಕಕ್ಕೆ ಅರ್ಜಿ ಹಾಕಬೇಕು ಅಂತಿದ್ದೇನೆ. ಒಬ್ಬ ಕನ್ಸಲ್ಟೆಂಟ್ ನಾಲ್ಕೂ ಶಾಲೆಗೆ ಸೇರಿಸಿ 2.8 ಲಕ್ಷ ಕೇಳುತ್ತಿದ್ದಾರೆ, ಜಿಎಸ್‌ಟಿ ಬೇರೆ. ಭಾನುವಾರದೊಳಗೆ ಸೇರದಿದ್ದರೆ ರೇಟ್ ಜಾಸ್ತಿ ಆಗುತ್ತದಂತೆ. 2020ರಲ್ಲಿ ನನ್ನ ಜಾಯಿನಿಂಗ್ ಡೇಟ್ ಮುಂದಕ್ಕೆ ಹೋಗಿತ್ತು. ಆಗ ಊರಲ್ಲಿದ್ದು ತೋಟ ಚೇಣಿಗೆ (ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ) ಕೊಡುವುದು ಬೇಡ ಅಂತ ಅಪ್ಪನನ್ನು ಒಪ್ಪಿಸಿ, ಪಕ್ಕದ ಎರಡು ಮನೆಯವರ ಜೊತೆ ಸೇರಿ ನಾವೇ ಅಡಿಕೆ ಬೇಯಿಸಿ ಒಣಗಿಸಿ ಮಾರಿದ್ದೆವು. ಇದನ್ನು ಹೇಳಿದಾಗ ಅವರು 'ಅದು ಬಿಸಿನೆಸ್ ಸ್ಕೂಲ್‌ಗೆ ವರ್ಕ್ ಆಗಲ್ಲ, ಯಾವುದಾದರೂ ಎನ್‌ಜಿಒದಲ್ಲಿ ಮೂರು ತಿಂಗಳು ವಾಲಂಟಿಯರ್ ಮಾಡಿ' ಅಂದರು. ನಮ್ಮ ಮನೆಯಲ್ಲಿ ಎಂಬಿಎ ಬಗ್ಗೆ ಗೊತ್ತಿರುವವರು ಯಾರೂ ಇಲ್ಲ. ಅಪ್ಪ ಈ ಸಲದ ಅಡಿಕೆ ದುಡ್ಡಲ್ಲಿ ಕೊಡ್ತೀನಿ ಅಂತಿದ್ದಾರೆ. ಸೇರಬೇಕಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಆ 2.8 ಲಕ್ಷದ ಪ್ಯಾಕೇಜ್ ನಿಮಗೆ ಬೇಡ. ನಾಲ್ಕೈದು ಗಂಟೆಯ ಸಹಾಯ ಬೇಕಾಗಬಹುದು. ಅದೂ ಈಗಲ್ಲ, ಅರ್ಜಿ ಜೊತೆ ಶಾಲೆಗಳು ಕೇಳುವ ಎಲ್ಲ ಪ್ರಬಂಧಗಳನ್ನು ನೀವೇ ಒಂದು ಸಲ ಬರೆದು ಮುಗಿಸಿದ ಮೇಲೆ. ಅಪ್ಪನ ಅಡಿಕೆ ದುಡ್ಡು ಅಪ್ಪನ ಹತ್ತಿರವೇ ಇರಲಿ.

ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. ವಿದೇಶದಲ್ಲಿ ಎಂಬಿಎ ಮುಗಿಸಿ ಬಂದು ನಾನೂ ಆರು ವರ್ಷ ಇದೇ ಕೆಲಸ ಮಾಡಿದ್ದೇನೆ, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ. ಅದನ್ನು ಬಿಟ್ಟ ಮೇಲೆ ನಾನು ಓದಿದ ಶಾಲೆಯ ಪರವಾಗಿ ಹಳೆಯ ವಿದ್ಯಾರ್ಥಿನಿಯಾಗಿ ಅಭ್ಯರ್ಥಿಗಳ ಸಂದರ್ಶನ ಮಾಡುತ್ತಾ ಬಂದಿದ್ದೇನೆ. ಮೇಜಿನ ಎರಡೂ ಕಡೆ ಕೂತು ನೋಡಿದ್ದನ್ನೇ ನಿಮಗೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ತೆಗೆಯೋಣ. ಕನ್ಸಲ್ಟೆಂಟ್ ಅನ್ನುವ ಒಂದೇ ಹೆಸರಲ್ಲಿ ಎರಡು ಬೇರೆ ಬೇರೆ ವ್ಯಾಪಾರ ನಡೆಯುತ್ತದೆ. ಜಯನಗರದಲ್ಲೋ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲೋ 'ವಿದೇಶದಲ್ಲಿ ಓದಿ, ಸಲಹೆ ಉಚಿತ' ಅಂತ ಬೋರ್ಡ್ ಹಾಕಿಕೊಂಡವರು ಸಾಮಾನ್ಯವಾಗಿ ಏಜೆಂಟರು. ನೀವು ಯಾವ ವಿಶ್ವವಿದ್ಯಾಲಯಕ್ಕೆ ಸೇರುತ್ತೀರೋ ಅದು ಅವರಿಗೆ ಕಮಿಷನ್ ಕೊಡುತ್ತದೆ. ಬ್ರಿಟನ್, ಆಸ್ಟ್ರೇಲಿಯಾದ ಬಹಳಷ್ಟು ವಿಶ್ವವಿದ್ಯಾಲಯಗಳು ಹೀಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತವೆ. ಇದರಲ್ಲಿ ಕಾನೂನಿನ ತಪ್ಪೇನೂ ಇಲ್ಲ. ಆದರೆ ಅವರ ಪಟ್ಟಿಯಲ್ಲಿ ಇರುವುದು ಕಮಿಷನ್ ಕೊಡುವ ಕಾಲೇಜುಗಳು. ನೀವು ಹೆಸರಿಸಿದಂಥ ಶಾಲೆಗಳಿಗೆ ಏಜೆಂಟರ ಅಗತ್ಯ ಇಲ್ಲ, ಇರುವ ಸೀಟಿಗಿಂತ ಎಷ್ಟೋ ಪಾಲು ಅರ್ಜಿ ತಾನಾಗಿಯೇ ಬರುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ನ ಸುಮಾರು 930 ಸೀಟಿಗೆ ಒಂಬತ್ತು ಹತ್ತು ಸಾವಿರ ಜನ ಅರ್ಜಿ ಹಾಕುತ್ತಾರೆ. ಹಾಗಾಗಿ ಉಚಿತ ಸಲಹೆಯವರ ಹತ್ತಿರ ನೀವು ಹೋಗುವುದೇ ಬೇಡ. ನಿಮಗೆ ಸಿಕ್ಕವರು ಎರಡನೇ ಥರದವರು. ನಿಮ್ಮ ಹತ್ತಿರವೇ ಫೀಸ್ ತೆಗೆದುಕೊಂಡು ಶಾಲೆ ಆರಿಸುವುದು, ರೆಸ್ಯೂಮೆ, ಪ್ರಬಂಧ, ಶಿಫಾರಸು ಪತ್ರ, ಸಂದರ್ಶನದ ತಯಾರಿ ಇವಕ್ಕೆಲ್ಲ ಜೊತೆಗಿರುವವರು. ಇವರಲ್ಲಿ ನಿಜಕ್ಕೂ ಒಳ್ಳೆಯವರು ಇದ್ದಾರೆ. ಕೆಲವರನ್ನು ನಾನು ಇವತ್ತಿಗೂ ಗೌರವಿಸುತ್ತೇನೆ.

ಇನ್ನು ಆ ಭಾನುವಾರದ ಗಡುವು. ನಿಮ್ಮ ಜೊತೆ ಫೋನಲ್ಲಿ ಮಾತಾಡಿದವರು ನಿಮ್ಮ ಪ್ರಬಂಧ ಓದುವವರೇ ಆಗಿರಬೇಕಾಗಿಲ್ಲ. ನಾನು ಕೆಲಸ ಮಾಡುತ್ತಿದ್ದ ಕಡೆ 'ಉಚಿತ ಪ್ರೊಫೈಲ್ ಇವ್ಯಾಲ್ಯುಯೇಷನ್' ಮಾಡುತ್ತಿದ್ದವರು ಸೇಲ್ಸ್ ವಿಭಾಗದವರು. ಅವರಿಗೆ ತಿಂಗಳ ಟಾರ್ಗೆಟ್ ಇತ್ತು. ಅಭ್ಯರ್ಥಿ ಒಪ್ಪಿದ ಮೇಲೆ ಫೈಲು ನಮ್ಮ ಮೇಜಿಗೆ ಬರುತ್ತಿತ್ತು. ಆಗ ನೋಡಿದರೆ ಸೇಲ್ಸ್‌ನವರು ಹೇಳಿದ್ದಕ್ಕೂ ನಾವು ಮಾಡಬಹುದಾದ್ದಕ್ಕೂ ಸಂಬಂಧವೇ ಇರುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅರ್ಜಿಗಳ ಮೊದಲ ರೌಂಡ್ (ಸುತ್ತು) ಬಂದಾಗ ಒಬ್ಬೊಬ್ಬರ ಕೈಯಲ್ಲಿ ಇಪ್ಪತ್ತು ಇಪ್ಪತ್ತೈದು ಜನ. ಒಬ್ಬೊಬ್ಬರಿಗೆ ನಾಲ್ಕು ಶಾಲೆ ಅಂದರೆ ಎಷ್ಟು ಪ್ರಬಂಧ ಆಯಿತು ನೋಡಿ. ರಾತ್ರಿ ಹನ್ನೊಂದಕ್ಕೆ ಓದುವ ಹದಿನೆಂಟನೇ ಪ್ರಬಂಧವನ್ನು ಯಾರೂ ಮನಸ್ಸಿಟ್ಟು ಓದಲಾರರು. ನಾನೂ ಓದಿಲ್ಲ. ಆ ಅಭ್ಯರ್ಥಿಗಳ ಬಗ್ಗೆ ಇವತ್ತಿಗೂ ನನಗೆ ಬೇಸರ ಇದೆ.

'ನಮ್ಮಲ್ಲಿ ಸೇರಿದವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಸೀಟ್ ಸಿಕ್ಕಿದೆ' ಅನ್ನುವ ಮಾತು ನಿಮಗೂ ಹೇಳಿರುತ್ತಾರೆ. ಆ ಲೆಕ್ಕ ಹೇಗೆ ಹುಟ್ಟುತ್ತದೆ ಗೊತ್ತಾ? ಆರು ಶಾಲೆಗೆ ಅರ್ಜಿ ಹಾಕಿ ಐದರಲ್ಲಿ ಬೇಡ ಅನ್ನಿಸಿಕೊಂಡು, ಆರನೆಯ, ಸುಲಭದ ಶಾಲೆಯಲ್ಲಿ ಸೀಟ್ ಸಿಕ್ಕರೂ ಅದು ಗೆಲುವು. ಬರೀ ಒಂದು ಗಂಟೆ ಸಂದರ್ಶನದ ಅಭ್ಯಾಸಕ್ಕೆ ಬಂದು ಹೋದವರೂ 'ನಮ್ಮ ವಿದ್ಯಾರ್ಥಿ'. ದುರ್ಬಲ ಅಂತ ಕಂಡವರನ್ನು ಮೊದಲೇ ಸೇರಿಸಿಕೊಂಡಿರುವುದಿಲ್ಲ. ಸೇರಿದವರು ಆ ಸಹಾಯ ಇಲ್ಲದೆಯೂ ಆಯ್ಕೆ ಆಗುತ್ತಿದ್ದರಾ ಅನ್ನುವುದನ್ನು ಯಾರೂ ಅಳೆಯಲು ಆಗುವುದಿಲ್ಲ. ಹಾಗಾಗಿ ಆ ಸಂಖ್ಯೆಯನ್ನು ಪಕ್ಕಕ್ಕಿಡಿ.

ಈಗ ಚೇಣಿಗೆ ಬರೋಣ. ನಿಮ್ಮ ಪತ್ರ ಓದುತ್ತಾ ನಾನು ನಿಂತಿದ್ದೇ ಅಲ್ಲಿ.

ಆ ಕನ್ಸಲ್ಟೆಂಟ್ ಅದನ್ನು ಬಿಡಿ ಅಂದರಲ್ಲ, ಆ ಒಂದೇ ಮಾತಿಗೆ ಅವರನ್ನು ಬೇಡ ಅನ್ನಬಹುದು. ಬಿಸಿನೆಸ್ ಸ್ಕೂಲ್‌ನ ಆಯ್ಕೆ ಸಮಿತಿ ಕೂತು ನೋಡುವುದೇನನ್ನು? ಈ ವ್ಯಕ್ತಿ ಕಷ್ಟದ ನಿರ್ಧಾರ ತೆಗೆದುಕೊಂಡಿದ್ದಾಳಾ, ಯಾವ ಅಧಿಕಾರವೂ ಇಲ್ಲದೆ ನಾಲ್ಕು ಜನರನ್ನು ಒಪ್ಪಿಸಿದ್ದಾಳಾ, ತಪ್ಪಾದಾಗ ಏನು ಮಾಡಿದಳು, ದುಡ್ಡಿನ ಲೆಕ್ಕ ಅರ್ಥ ಆಗುತ್ತದಾ. ಇಪ್ಪತ್ತೆರಡು ವರ್ಷದ ಹುಡುಗಿ, ಕೈಯಲ್ಲಿ ಆಫರ್ ಲೆಟರ್ ಇದೆ, ಕೆಲಸ ಇಲ್ಲ. ಚೇಣಿದಾರ ಕೊಡುವ ದುಡ್ಡು ಖಚಿತ. ನಾವೇ ಬೇಯಿಸಿದರೆ ಜಾಸ್ತಿ ಸಿಗಬಹುದು, ಮಳೆ ಬಂದು ಒಣಗದಿದ್ದರೆ ಎಲ್ಲಾ ಹಾಳಾಗಲೂಬಹುದು. ಅಡಿಕೆ ಕೊನೆ (ಗೊನೆ) ತೆಗೆಯುವವರು, ಸುಲಿಯುವವರು, ಸೌದೆ, ಹಂಡೆ, ಒಣಗಿಸಲು ಜಾಗ, ಎಲ್ಲವನ್ನೂ ಹೊಂದಿಸಬೇಕು. ಇಷ್ಟು ವರ್ಷ ಚೇಣಿಗೆ ಕೊಟ್ಟು ನಿಶ್ಚಿಂತೆಯಾಗಿದ್ದ ಅಪ್ಪನನ್ನು ಒಪ್ಪಿಸಬೇಕು. ಪಕ್ಕದ ಮನೆಯವರು ತಮ್ಮ ವರ್ಷದ ದುಡಿಮೆಯನ್ನು ನಿಮ್ಮ ಮಾತಿನ ಮೇಲೆ ಬಿಡಬೇಕು. ಅಪಾಯ, ಬಂಡವಾಳ, ಪಾಲುದಾರಿಕೆ, ಮಾರುಕಟ್ಟೆ ಎಲ್ಲವೂ ಈ ಒಂದು ಕಥೆಯಲ್ಲಿದೆ. ಇದನ್ನು ಬಿಟ್ಟು ಮೂರು ತಿಂಗಳ ವಾಲಂಟಿಯರ್ ಕೆಲಸ ಹಾಕಿ ಅನ್ನುವವರಿಗೆ ನಿಮ್ಮ ಮಾತು ಕೇಳಿಸಿಯೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಭಾರತದಿಂದ ಈ ಶಾಲೆಗಳಿಗೆ ಹೋಗುವ ಅರ್ಜಿಗಳಲ್ಲಿ ಐಟಿಯ ಇಂಜಿನಿಯರ್‌ಗಳೇ ರಾಶಿ ರಾಶಿ. ಶಾಲೆಗೆ ಬೇಕಾಗಿರುವುದು ಬೇರೆ ಬೇರೆ ಥರದ ಜನ ಸೇರಿದ ತರಗತಿ. ನೀವು ನಿಮ್ಮಂಥ ಇಂಜಿನಿಯರ್‌ಗಳ ಜೊತೆಯೇ ಮೊದಲು ಹೋಲಿಕೆಗೆ ಬರುತ್ತೀರಿ. 'ಕ್ಲೌಡ್‌ಗೆ ಮೈಗ್ರೇಟ್ ಮಾಡಿದೆ, ಆರು ಜನರ ತಂಡ ನಡೆಸಿದೆ' ಅನ್ನುವುದು ಪ್ರತಿ ಎರಡನೇ ಅರ್ಜಿಯಲ್ಲಿ ಇರುತ್ತದೆ. ಅಡಿಕೆ ಹಂಡೆ ನಿಮ್ಮ ಅರ್ಜಿಯಲ್ಲಿ ಮಾತ್ರ ಇರುತ್ತದೆ. ವಾಲಂಟಿಯರ್ ಕೆಲಸ ಮನಸ್ಸಿಂದ ಮಾಡಿದವರಿಗೆ ನನ್ನ ನಮಸ್ಕಾರ. ಆದರೆ ಅರ್ಜಿಗೆ ಮೂರು ತಿಂಗಳ ಮುಂಚೆ ಶುರುವಾದ ಸೇವೆ ಯಾತಕ್ಕೆ ಶುರುವಾಯಿತು ಅಂತ ತಾರೀಖು ನೋಡಿದರೇ ತಿಳಿಯುತ್ತದೆ.

ಹಾಗಾದರೆ ಈ ಕಥೆಯನ್ನು ಹೊರಗೆ ತರುವುದು ಹೇಗೆ? ನಾನು ಆರು ವರ್ಷ ದುಡ್ಡು ತೆಗೆದುಕೊಂಡು ಮಾಡಿದ ಕೆಲಸವನ್ನು ನಿಮಗೆ ಹೇಳಿಕೊಡುತ್ತೇನೆ. ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಬರುವುದಿಲ್ಲ ಅಂತ ಅಲ್ಲ. ಐದು ವರ್ಷ ಆಫೀಸಲ್ಲಿ ಮೇಲ್ ಬರೆದೂ ಬರೆದೂ ನಮ್ಮ ಇಂಗ್ಲಿಷ್ ಅಪ್ರೈಸಲ್ ಫಾರ್ಮ್ ಥರ ಆಗಿಬಿಟ್ಟಿರುತ್ತದೆ. ಪೆನ್ನು ಹಿಡಿದ ಕೂಡಲೇ 'ಸ್ಟೇಕ್‌ಹೋಲ್ಡರ್', 'ಇಂಪ್ಯಾಕ್ಟ್' ಅನ್ನುವ ಪದಗಳೇ ಬರುತ್ತವೆ. ಅಪ್ಪ ಅವತ್ತು ಜಗುಲಿ ಮೇಲೆ ಕೂತು ಏನಂದರು, ನೀವು ಯಾವ ಪುಸ್ತಕದಲ್ಲಿ ಲೆಕ್ಕ ಬರೆದು ತೋರಿಸಿದಿರಿ, ಮೊದಲ ವಾರ ಯಾರಿಗೆ ಭಯ ಆಯಿತು, ಇದೆಲ್ಲ ನಿಮಗೆ ನೆನಪಿರುವುದು ಕನ್ನಡದಲ್ಲಿ. ಬರೆಯಲು ಕಷ್ಟ ಆದರೆ ಅಕ್ಕನಿಗೋ ಗೆಳತಿಗೋ ವಾಯ್ಸ್ ಮೆಸೇಜ್ ಕಳಿಸಿದ ಹಾಗೆ ಮಾತಾಡಿ, ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಕೇಳುತ್ತಾ ಇಂಗ್ಲಿಷಿಗೆ ತನ್ನಿ. ಧಾರವಾಡ ಕಡೆಯ ಒಬ್ಬ ಹುಡುಗ ನಾಲ್ಕು ಡ್ರಾಫ್ಟ್ ಬರೆದರೂ ಏನೂ ಬಂದಿರಲಿಲ್ಲ. ಒಂದು ಸಂಜೆ ಫೋನಲ್ಲಿ ತನ್ನ ಅಜ್ಜಿಯ ಖಾನಾವಳಿ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದ. ಅವನ ಪ್ರಬಂಧ ಅಲ್ಲೇ ಇತ್ತು. ನಾನು ಮಾಡಿದ್ದು ಸುಮ್ನೆ ಕೇಳಿಸಿಕೊಂಡಿದ್ದು ಮಾತ್ರ.

ಈ ಶಾಲೆಗಳು ಕೇಳುವ ಪ್ರಶ್ನೆಗಳನ್ನೇ ನೋಡಿ. ಫುಕ್ವಾ ಬಹಳ ವರ್ಷಗಳಿಂದ ಅಭ್ಯರ್ಥಿ ಬಗ್ಗೆ 25 ಬಿಡಿ ಬಿಡಿ ಸಂಗತಿ ಬರೆಯಲು ಹೇಳುತ್ತಾ ಬಂದಿದೆ. ನಿಮ್ಮ 25 ಸಂಗತಿ ಇಂದಿರಾನಗರದ ಆಫೀಸಲ್ಲಿ ಕೂತ ಕನ್ಸಲ್ಟೆಂಟ್‌ಗೆ ಹೇಗೆ ಗೊತ್ತಿರುತ್ತದೆ? ಇನ್ಸಿಯಾಡ್ ನಿಮ್ಮ ಬಗ್ಗೆ ನೀವೇ ಮುಚ್ಚುಮರೆ ಇಲ್ಲದೆ ಬರೆಯಿರಿ ಅಂತ ಬಹಳ ವರ್ಷ ಕೇಳಿದೆ, ಕೊರತೆಗಳನ್ನೂ ಸೇರಿಸಿ. ಸ್ಟ್ಯಾನ್‌ಫರ್ಡ್ ಅಂತೂ ನಿಮಗೆ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು, ಯಾಕೆ ಅಂತ ಕೇಳುವುದಕ್ಕೇ ಹೆಸರಾಗಿದೆ. ಇಂಥ ಪ್ರಶ್ನೆಗೆ ಹೊರಗಿನವರು ಬರೆದ ಉತ್ತರ ಎಷ್ಟು ನುಣುಪಾಗಿದ್ದರೂ ಪ್ರಯೋಜನ ಇಲ್ಲ.

ಇನ್ಸಿಯಾಡ್‌ನಲ್ಲಿ ಸಾಮಾನ್ಯವಾಗಿ ಇಬ್ಬರು ಹಳೆಯ ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಸಂದರ್ಶನ ಮಾಡುತ್ತಾರೆ. ಐಎಸ್‌ಬಿ ಸಂದರ್ಶನದಲ್ಲೂ ಹಳೆಯ ವಿದ್ಯಾರ್ಥಿಗಳು ಕೂತಿರುತ್ತಾರೆ. ಪೇಪರ್ ಮೇಲಿನ ವ್ಯಕ್ತಿಯೂ ಎದುರಿಗೆ ಕೂತವರೂ ಒಬ್ಬರೇನಾ ಅಂತ ಅಲ್ಲಿ ಗೊತ್ತಾಗುತ್ತದೆ. ಒಂದು ಸಲ ನಾನು ಒಬ್ಬ ಹುಡುಗನಿಗೆ ಅವನ ಪ್ರಬಂಧದಲ್ಲೇ ಇದ್ದ ಒಂದು ವಾಕ್ಯದ ಅರ್ಥ ಕೇಳಿದೆ. ಅವನ ಮುಖ ಬಿಳಿಚಿಕೊಂಡಿತು. ಆ ವಾಕ್ಯ ಅವನದಲ್ಲ. ತುಂಬ ಒಳ್ಳೆಯ ಹುಡುಗ, ಕೆಲಸದ ಬಗ್ಗೆ ಕೇಳಿದರೆ ಕಣ್ಣಲ್ಲಿ ಬೆಳಕು ಬರುತ್ತಿತ್ತು. ಆದರೆ ಅವನ ಅರ್ಜಿಯನ್ನು ಯಾರೋ ತಿದ್ದಿ ತಿದ್ದಿ ಅವನನ್ನೇ ಅದರಿಂದ ಹೊರಗೆ ಹಾಕಿದ್ದರು. ನಾನು ಏನು ಕಂಡೆನೋ ಅದನ್ನೇ ವರದಿಯಲ್ಲಿ ಬರೆಯಬೇಕಾಯಿತು. ಅವನಿಗೆ ಸೀಟ್ ಸಿಗಲಿಲ್ಲ. ಅದೇ ವರ್ಷ ನಾನು ಕನ್ಸಲ್ಟಿಂಗ್ ಬಿಟ್ಟಿದ್ದಕ್ಕೆ ಸಮಾಧಾನ ಪಟ್ಟೆ.

ಇದು ಬರೀ ಭಾವನೆಯ ವಿಷಯ ಅಲ್ಲ, ನಿಯಮದ ವಿಷಯ ಕೂಡ. ಸ್ಟ್ಯಾನ್‌ಫರ್ಡ್ ತನ್ನ ಅರ್ಜಿದಾರರಿಗೆ ಸ್ಪಷ್ಟವಾಗಿ ಹೇಳುತ್ತದೆ: ಬೇರೆಯವರು ಒಂದೆರಡು ಸಲ ಓದಿ ತಪ್ಪು, ಬಿಟ್ಟುಹೋದದ್ದು ಹೇಳಬಹುದು. ಬೇರೆಯವರು ಬರೆದುಕೊಟ್ಟರೆ ಅರ್ಜಿ ತಿರಸ್ಕಾರ, ಸೀಟ್ ಕೊಟ್ಟಿದ್ದರೂ ವಾಪಸ್. 2012ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ಆಂಡರ್ಸನ್ ಶಾಲೆ ಪ್ರಬಂಧಗಳನ್ನು ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್‌ಗೆ ಹಾಕಿ 52 ಅರ್ಜಿಗಳನ್ನು ತೆಗೆದುಹಾಕಿತು. ಕೆಲವು ಕಡೆ ಹಳೆಯ ಅಭ್ಯರ್ಥಿಗಳ ಪ್ರಬಂಧಗಳನ್ನೇ ಸ್ವಲ್ಪ ತಿರುಗಿಸಿ ಹೊಸಬರಿಗೆ ಕೊಡುತ್ತಾರೆ. ಅಂಥ ಕಡೆ ಸಿಕ್ಕಿಬೀಳುವುದು ಅರ್ಜಿದಾರರು. ಸೀಟ್ ಸಿಕ್ಕ ಮೇಲೂ ಅನೇಕ ಶಾಲೆಗಳು ಹೊರಗಿನ ಏಜೆನ್ಸಿಯಿಂದ ನಿಮ್ಮ ಕೆಲಸ, ಹುದ್ದೆ, ಶಿಫಾರಸು ಮಾಡಿದವರು ಎಲ್ಲವನ್ನೂ ಪರಿಶೀಲನೆ ಮಾಡಿಸುತ್ತವೆ. ಎಐ ಬಳಸಿ ಬರೆಸಿಕೊಂಡರೂ ಇದೇ ಮಾತು. ವ್ಯಾಕರಣ ನೋಡಲು ಬಳಸುವುದು ಬೇರೆ, ನಿಮ್ಮ ಬದುಕನ್ನು ಅದರಿಂದ ಬರೆಸುವುದು ಬೇರೆ. ಪ್ರತಿ ಶಾಲೆಯ ನಿಯಮ ಓದಿಕೊಳ್ಳಿ.

ಶಿಫಾರಸು ಪತ್ರದ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳಲೇಬೇಕು, ಯಾಕೆಂದರೆ ನಮ್ಮ ಐಟಿ ಕಂಪನಿಗಳಲ್ಲಿ ಜಾಸ್ತಿ ಎಡವುವುದು ಇಲ್ಲೇ. ಮ್ಯಾನೇಜರ್ ಹತ್ತಿರ ಹೋದರೆ 'ನೀನೇ ಬರೆದು ಕಳಿಸಮ್ಮ, ನಾನು ಅಪ್‌ಲೋಡ್ ಮಾಡ್ತೀನಿ' ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ, ಅವರಿಗೆ ಟೈಮ್ ಇಲ್ಲ. ಆಗ ಕನ್ಸಲ್ಟೆಂಟ್ 'ನಾವು ಡ್ರಾಫ್ಟ್ ಮಾಡಿಕೊಡ್ತೀವಿ' ಅಂತ ಮುಂದೆ ಬರುತ್ತಾರೆ. ಎರಡೂ ಬೇಡ. ನಿಮ್ಮ ಪ್ರಬಂಧ, ಇಬ್ಬರ ಪತ್ರ ಎಲ್ಲವೂ ಒಂದೇ ಕೈಬರಹದ ಹಾಗೆ ಓದಿಸಿಕೊಂಡರೆ ಅನುಭವ ಇರುವವರಿಗೆ ಎರಡು ನಿಮಿಷದಲ್ಲಿ ತಿಳಿಯುತ್ತದೆ. ಅದರ ಬದಲು ಮ್ಯಾನೇಜರ್ ಜೊತೆ ಅರ್ಧ ಗಂಟೆ ಚಹಾಕ್ಕೆ ಕೂತುಕೊಳ್ಳಿ. ಯಾಕೆ ಎಂಬಿಎ, ಯಾಕೆ ಈ ಶಾಲೆ ಅಂತ ಹೇಳಿ. ಒಂದು ಪುಟದಲ್ಲಿ ನಾಲ್ಕು ಘಟನೆ ಬರೆದುಕೊಡಿ: ಯಾವ ಪ್ರಾಜೆಕ್ಟ್, ಯಾವ ತಿಂಗಳು, ಏನು ಕೈಕೊಟ್ಟಿತು, ನೀವು ಏನು ಮಾಡಿದಿರಿ. ನೀವು ತಪ್ಪು ಮಾಡಿ ಅವರಿಂದ ಬೈಸಿಕೊಂಡ ಒಂದು ಘಟನೆಯೂ ಇರಲಿ, ಯಾಕೆಂದರೆ ಬಹಳ ಶಾಲೆಗಳು ನೀವು ಈ ವ್ಯಕ್ತಿಗೆ ಕೊಟ್ಟ ಟೀಕೆ ಏನು, ಆಕೆ ಅದನ್ನು ಹೇಗೆ ತೆಗೆದುಕೊಂಡಳು ಅಂತ ಮ್ಯಾನೇಜರನ್ನು ಕೇಳುತ್ತವೆ. ಬರೆಯುವುದು ಮಾತ್ರ ಅವರೇ ಬರೆಯಲಿ. ಇಂಗ್ಲಿಷ್ ಸ್ವಲ್ಪ ಒರಟಾಗಿದ್ದರೂ ಪರವಾಗಿಲ್ಲ. ಡೈರೆಕ್ಟರ್, ವೈಸ್ ಪ್ರೆಸಿಡೆಂಟ್ ಅಂತ ದೊಡ್ಡ ಹುದ್ದೆಯವರ ಹಿಂದೆ ಹೋಗಬೇಡಿ. ನಿಮ್ಮ ಕೆಲಸವನ್ನು ದಿನಾ ಕಂಡವರು ಬೇಕು.

ದುಡ್ಡಿನ ಲೆಕ್ಕ ಮಾಡೋಣ. 2.8 ಲಕ್ಷಕ್ಕೆ ಶೇ 18 ಜಿಎಸ್‌ಟಿ ಸೇರಿದರೆ 3,30,400 ರೂಪಾಯಿ. ಇದರ ಮೇಲೆ ಅರ್ಜಿ ಶುಲ್ಕ ಬೇರೆ. ಅಮೆರಿಕದ ದೊಡ್ಡ ಶಾಲೆಗಳಲ್ಲಿ ಒಂದೊಂದಕ್ಕೆ ಸುಮಾರು 250 ಡಾಲರ್ ಇರುತ್ತದೆ. ಈ ಮೂರು ಲಕ್ಷ ಶೈಕ್ಷಣಿಕ ಸಾಲದೊಳಗೆ ಸೇರುವುದಿಲ್ಲ, ಮೊದಲೇ ಕೈಯಿಂದ ಹೋಗುವ ದುಡ್ಡು, ಸೀಟ್ ಸಿಗದಿದ್ದರೆ ವಾಪಸ್ ಬಾರದ ದುಡ್ಡು. ನಾನಾದರೆ ನಿಮ್ಮ ಜಾಗದಲ್ಲಿ ಸಲಹೆಗಾರರಿಗೆ 40,000 ದಾಟಿ ಕೊಡುತ್ತಿರಲಿಲ್ಲ.

ಜಿಮ್ಯಾಟ್ ಇನ್ನೊಮ್ಮೆ ಬರೆಯುವುದನ್ನು ಯೋಚಿಸಿ. 2023ರ ಕೊನೆಯಲ್ಲಿ ಬಂದ ಹೊಸ ಪರೀಕ್ಷೆಯಲ್ಲಿ ಅಂಕ 205ರಿಂದ 805ರವರೆಗೆ. ನಿಮ್ಮ 655 ಹಳೆಯ ಲೆಕ್ಕದ 700ಕ್ಕಿಂತ ಸ್ವಲ್ಪ ಮೇಲೆ. ಯಾವ ರೀತಿಯಲ್ಲೂ ಕೆಟ್ಟ ಅಂಕ ಅಲ್ಲ. ಈ ಅಂಕದಲ್ಲಿ ನಾಲ್ಕೂ ಕಡೆ ಜನ ಆಯ್ಕೆ ಆಗುತ್ತಾರೆ. ಆದರೆ ಇಂಜಿನಿಯರ್‌ಗಳ ಆ ರಾಶಿಯಲ್ಲಿ 685 ಇದ್ದರೆ ಉಸಿರಾಟ ಸಲೀಸು, ಸ್ಕಾಲರ್‌ಶಿಪ್ ಸಿಗುವ ದಾರಿಯೂ ಅಗಲ ಆಗುತ್ತದೆ. ಎರಡು ಪರೀಕ್ಷೆಗಳ ನಡುವೆ 16 ದಿನ ಅಂತರ ಇರಬೇಕು, ಹನ್ನೆರಡು ತಿಂಗಳಲ್ಲಿ ಐದು ಸಲ ಬರೆಯಬಹುದು. ಅಭ್ಯಾಸ ಪರೀಕ್ಷೆಗಳಲ್ಲಿ ಇದಕ್ಕಿಂತ ಜಾಸ್ತಿ ಬರುತ್ತಿತ್ತಾ? ಹಾಗಿದ್ದರೆ ಖಂಡಿತ ಬರೆಯಿರಿ. 655 ನಿಮ್ಮ ಅತ್ಯುತ್ತಮ ದಿನದ ಅಂಕ ಆಗಿದ್ದರೆ ಅಲ್ಲಿಗೆ ಬಿಟ್ಟು ಪ್ರಬಂಧಕ್ಕೆ ಕೂರಿ.

ಗೊತ್ತಿರುವವರು ಯಾರೂ ಇಲ್ಲ ಅಂದಿರಿ. ಅದು ನಿಜವಾದ ಕೊರತೆ, ನಾನು ಅದನ್ನು ಹಗುರ ಮಾಡುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಕಾರ್ಪೊರೇಟ್‌ನಲ್ಲಿರುವ ಮನೆಯ ಮಕ್ಕಳಿಗೆ ಊಟದ ಮೇಜಿನ ಮೇಲೇ ಸಿಗುವ ಮಾತು ನಿಮಗೆ ಸಿಕ್ಕಿಲ್ಲ. ಕನ್ಸಲ್ಟೆಂಟ್‌ಗಳು ಮಾರುವುದರಲ್ಲಿ ಅರ್ಧಕ್ಕರ್ಧ ಆ ಮಾತೇ. ಆದರೆ ಅದು ದುಡ್ಡಿಲ್ಲದೆಯೂ ಸಿಗುತ್ತದೆ. ನಿಮ್ಮ ಕಂಪನಿಯಲ್ಲೇ ಈ ಶಾಲೆಗಳಲ್ಲಿ ಓದಿದವರು ಇರುತ್ತಾರೆ, ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಬೆಂಗಳೂರಿನಲ್ಲಿ ಈ ಶಾಲೆಗಳ ಮಾಹಿತಿ ಸಭೆಗಳು ನಡೆಯುತ್ತಿರುತ್ತವೆ, ಹೋಗಿ. ಬನ್ನೇರುಘಟ್ಟ ರಸ್ತೆಯ ಐಐಎಂ ನಿಮ್ಮ ಕೈಗೆಟಕುವಷ್ಟು ಹತ್ತಿರ ಇದೆ. ಇಪಿಜಿಪಿ ಓದುತ್ತಿರುವ ಇಬ್ಬರನ್ನು ಭೇಟಿ ಮಾಡಲು ಕೇಳಿ. 'ನಾನು ಚನ್ನಗಿರಿಯವಳು, ಇಪ್ಪತ್ತು ನಿಮಿಷ ಮಾತಾಡಬಹುದಾ' ಅಂತ ಹತ್ತು ಜನರಿಗೆ ಮೆಸೇಜ್ ಹಾಕಿದರೆ ಮೂರು ಜನ ಉತ್ತರ ಕೊಡುತ್ತಾರೆ. ನಮ್ಮ ಕಡೆಯವರು ಅಂತ ಗೊತ್ತಾದರೆ ಇನ್ನೂ ಜಾಸ್ತಿ ಮಾತಾಡುತ್ತಾರೆ. ನನಗೂ ಹೀಗೆ ಮೈಸೂರಿನ ಒಬ್ಬ ಸೀನಿಯರ್ ದಾರಿ ತೋರಿಸಿದ್ದರು. ಅವರಿಗೆ ನಾನು ಒಂದು ರೂಪಾಯಿ ಕೊಟ್ಟಿಲ್ಲ.

ಹಾಗಂತ ಯಾರಿಗೂ ಪೂರ್ತಿ ಪ್ಯಾಕೇಜ್ ಬೇಡ ಅಂತ ನಾನು ಹೇಳುವುದಿಲ್ಲ. ಒಮ್ಮೆ ಅರ್ಜಿ ಹಾಕಿ ಎಲ್ಲ ಕಡೆ ತಿರಸ್ಕಾರ ಆಗಿ ಎಲ್ಲಿ ತಪ್ಪಿತು ಅಂತ ತಿಳಿಯದೆ ಇರುವವರು, ಮಧ್ಯೆ ಎರಡು ವರ್ಷ ಕಾಯಿಲೆಯಿಂದಲೋ ಮನೆಯ ಕಷ್ಟದಿಂದಲೋ ಕೆಲಸ ಬಿಟ್ಟವರು, ಸೇನೆಯಿಂದಲೋ ವೈದ್ಯಕೀಯದಿಂದಲೋ ಬರುವವರು, ಇವರಿಗೆ ಜೊತೆಯಲ್ಲೊಬ್ಬ ಅನುಭವಿ ಇದ್ದರೆ ನಿಜಕ್ಕೂ ಉಪಯೋಗ. ಸೇನೆಯ ಒಬ್ಬ ಅಧಿಕಾರಿಗೆ ತಾವು ದಿನಾ ಮಾಡುವ ಕೆಲಸವೇ ನಾಯಕತ್ವ ಅಂತ ಹೊಳೆದಿರಲಿಲ್ಲ. ಅದನ್ನು ಹೊರಗೆ ತರಲು ನಮಗೆ ಎರಡು ತಿಂಗಳು ಬೇಕಾಯಿತು. ಆ ಫೀಸ್ ತೆಗೆದುಕೊಂಡಿದ್ದಕ್ಕೆ ನನಗೆ ಸಂಕೋಚ ಇಲ್ಲ. ನಿಮ್ಮ ಸ್ಥಿತಿ ಅದಲ್ಲ. ನಿಮ್ಮ ಕಥೆ ನಿಮಗೆ ಗೊತ್ತಿದೆ. ಅಪರಿಚಿತಳಾದ ನನಗೆ ಬರೆದ ಪತ್ರದಲ್ಲೇ ಅದು ಇತ್ತು.

ನೀವು ಮಾಡಬೇಕಾದದ್ದು ಇಷ್ಟು. ಈಗ ಜೂನ್. ಮೂರು ಭಾನುವಾರ ಎತ್ತಿಡಿ, ಕನ್ನಡದ ಡ್ರಾಫ್ಟ್‌ಗೆ. ಜುಲೈ ಪೂರ್ತಿ ಇಂಗ್ಲಿಷ್. ಆಗಸ್ಟ್ ಮೊದಲ ವಾರ ಗಂಟೆ ಲೆಕ್ಕದಲ್ಲಿ ಕೆಲಸ ಮಾಡುವ ಒಬ್ಬ ಸಲಹೆಗಾರರನ್ನು ಹುಡುಕಿ. ನಿಮ್ಮ ಪ್ರಬಂಧಗಳನ್ನು ಒಟ್ಟಿಗೆ ಓದಿ ಎಲ್ಲಿ ಅರ್ಥ ಆಗಲಿಲ್ಲ, ಎಲ್ಲಿ ಬೇಸರ ಬಂತು ಅಂತ ಹೇಳಲು ಎರಡು ಗಂಟೆ. ಪೆನ್ನು ಅವರ ಕೈಗೆ ಕೊಡಬೇಡಿ. ಸಂದರ್ಶನಕ್ಕೆ ಕರೆ ಬಂದ ಮೇಲೆ ಅಭ್ಯಾಸಕ್ಕೆ ಎರಡು ಅಥವಾ ಮೂರು ಗಂಟೆ. ಇದಕ್ಕೆ ದುಡ್ಡು ಕೊಡುವುದು ನನ್ನ ಪ್ರಕಾರ ಸರಿ. ಗೆಳೆಯರು ಎದುರಿಗೆ ಕೂತರೆ ಅರ್ಧಕ್ಕೇ ನಗು ಬರುತ್ತದೆ, ಅಪರಿಚಿತರು ಕೇಳಿದರೇ ಬೆವರು ಬರುವುದು.

ಸಲಹೆಗಾರರನ್ನು ಆರಿಸುವಾಗ ನನ್ನ ಪ್ರಬಂಧ ಓದುವವರು ಯಾರು, ಅವರ ಜೊತೆ ಹತ್ತು ನಿಮಿಷ ಈಗಲೇ ಮಾತಾಡಬಹುದಾ ಅಂತ ಕೇಳಿ. ಈ ರೌಂಡಲ್ಲಿ ಅವರ ಕೈಯಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿ. ನೀವು ಬರೆದುಕೊಡುತ್ತೀರಾ ಅಂತಲೂ ಕೇಳಿ. ಹೌದು ಅಂದರೆ ಫೋನ್ ಇಟ್ಟುಬಿಡಿ. ಎಐಜಿಎಸಿ ಅನ್ನುವ ಸಲಹೆಗಾರರ ಅಂತಾರಾಷ್ಟ್ರೀಯ ಸಂಘದ ಸದಸ್ಯರು ಅಭ್ಯರ್ಥಿಯ ಪ್ರಬಂಧ ತಾವು ಬರೆಯುವುದಿಲ್ಲ ಅಂತ ಒಪ್ಪಿಕೊಂಡಿರುತ್ತಾರೆ. ಸದಸ್ಯತ್ವ ಒಂದೇ ಸಾಕಾಗುವುದಿಲ್ಲ, ಆದರೂ ಹುಡುಕಾಟ ಅಲ್ಲಿಂದ ಶುರು ಮಾಡಬಹುದು. ಎಲ್ಲಕ್ಕಿಂತ ಮುಖ್ಯ, ಚೇಣಿ ಕಥೆಯನ್ನು ಅವರಿಗೆ ಐದು ನಿಮಿಷ ಹೇಳಿ ನೋಡಿ. ಮುಂದಿನ ಪ್ರಶ್ನೆ ಕೇಳುತ್ತಾರಾ? 'ಅಪ್ಪ ಒಪ್ಪದಿದ್ದರೆ ಏನು ಮಾಡ್ತಿದ್ರಿ?', 'ಮರು ವರ್ಷ ಯಾಕೆ ಮುಂದುವರಿಸಲಿಲ್ಲ?' ಅಂತ ಕೇಳಿದರೆ ಅವರು ಸರಿಯಾದ ಜನ.

ಆ ಎರಡನೇ ಪ್ರಶ್ನೆಗೆ ನೀವೂ ತಯಾರಿರಿ. ನಿಮ್ಮ ಪತ್ರದಲ್ಲಿ ಅದಕ್ಕೆ ಉತ್ತರ ಇಲ್ಲ. ಲಾಭ ಬಂತಾ, ನಷ್ಟ ಆಯಿತಾ ಅಂತಲೂ ಇಲ್ಲ. ನಷ್ಟ ಆಗಿದ್ದರೂ ಮುಚ್ಚಿಡಬೇಡಿ, ಬಹುಶಃ ಆಗ ಪ್ರಬಂಧ ಇನ್ನೂ ಚೆನ್ನಾಗಿರುತ್ತದೆ.

ಸೆಪ್ಟೆಂಬರ್‌ಗೆ ಆಗದಿದ್ದರೆ ಗಾಬರಿ ಬೇಡ. ಡಿಸೆಂಬರ್, ಜನವರಿ ಹೊತ್ತಿನ ಎರಡನೇ ರೌಂಡ್‌ನಲ್ಲೂ ಸಾಕಷ್ಟು ಸೀಟ್ ಇರುತ್ತದೆ. ಮೂರನೇ ರೌಂಡ್ ಮಾತ್ರ ಬೇಡ. ಅಷ್ಟರಲ್ಲಿ ಸೀಟೂ ಸ್ಕಾಲರ್‌ಶಿಪ್ಪೂ ಕಮ್ಮಿ ಆಗಿರುತ್ತವೆ, ವೀಸಾಕ್ಕೂ ಸಮಯ ಸಾಲದು. ಮಾರ್ಕ್ಸ್ ಕಾರ್ಡ್‌ಗಳನ್ನು ಈಗಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಬೆಳಗಾವಿಯ ವಿಟಿಯುದಿಂದ ಟ್ರಾನ್ಸ್‌ಕ್ರಿಪ್ಟ್ ಬೇಕಾದರೆ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಆ ಕನ್ಸಲ್ಟೆಂಟ್‌ಗೆ ಶನಿವಾರವೇ ಫೋನ್ ಮಾಡಿ ಬೇಡ ಅಂತ ಮರ್ಯಾದೆಯಿಂದ ಹೇಳಿಬಿಡಿ, ಭಾನುವಾರ ನಿಮ್ಮ ಕೈಗೆ ಸಿಗಲಿ. ಸಾಧ್ಯವಾದರೆ ಆ ಭಾನುವಾರ ಊರಿಗೆ ಹೋಗಿ ಬನ್ನಿ. 2020ರಲ್ಲಿ ಲೆಕ್ಕ ಬರೆದಿಟ್ಟ ಪುಸ್ತಕ ಇನ್ನೂ ಇದ್ದರೆ ಅದನ್ನು ತೆಗೆದು, ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವತ್ತು ನಿಮ್ಮ ಮಾತಿಗೆ ಯಾಕೆ ಒಪ್ಪಿದರು ಅಂತ ಅವರನ್ನು ಕೇಳಿ. ಅವರು ಹೇಳುವುದನ್ನು ಹಾಗೇ ಬರೆದುಕೊಳ್ಳಿ. ಮೊದಲ ಡ್ರಾಫ್ಟ್ ಆದ ಮೇಲೆ ನನಗೂ ಕಳಿಸಿ, ಕನ್ನಡದಲ್ಲಿದ್ದರೂ ಸರಿ. ಓದಿ ಹೇಳುತ್ತೇನೆ.